ಹೃದಯಕ್ಕೂ ಬೇಕು ಚಿಟಿಕೆ ಸುಣ್ಣ

ನಮ್ಮತ್ತೆಯವರು ಒಂದು ದಿನ ಇದ್ದಕ್ಕಿದ್ದಂತೆ ರಾಗಿಮುದ್ದೆ ಬೇಡ, ಹಾಲೂ ಬೇಡ ಅಂದುಬಿಟ್ಟರು. ಅವರು ತೆಗೆದುಕೊಳ್ಳುವ ಬಿ.ಪಿ. ಮಾತ್ರೆ ಅಮ್ಲೋಡಿಪಿನ್, 'ಕ್ಯಾಲ್ಸಿಯಂ ತಡೆಯುವ ಮಾತ್ರೆ' ಅಂತ ಮದುವೆಮನೆಯಲ್ಲಿ ಯಾರೋ ಹೇಳಿದರಂತೆ. "ತಡೀಬೇಕಾದ್ದನ್ನ ನಾನೇ ಯಾಕೆ ತಿನ್ನಲಿ?" ಎಂಬುದು ಅವರ ವಾದ. ನನಗೂ ಉತ್ತರ ಗೊತ್ತಿರಲಿಲ್ಲ. ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡೆ.

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದನ್ನು ಉಜ್ಜಿ ಉಜ್ಜಿ ಬೇಸತ್ತವರೇ ನಾವೆಲ್ಲ. ಅದರಲ್ಲಿರುವ ಸುಣ್ಣದ ಅಂಶವೇ ಕ್ಯಾಲ್ಸಿಯಂ. ಹೃದಯಕ್ಕೆ ಅದು ಬೇಕೆಂದು ಗೊತ್ತಾದದ್ದೂ ನಲ್ಲಿ ನೀರಿನಿಂದಲೇ! 1882ರಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನ ದ್ರಾವಣದಿಂದ ಮಿಡಿಸುತ್ತಿದ್ದರು. ಬಟ್ಟಿ ಇಳಿಸಿದ ಶುದ್ಧ ನೀರು ಬಳಸಿದ್ದೇವೆಂದೇ ಅವರ ನಂಬಿಕೆ. ಆಮೇಲೆ ನೋಡಿದರೆ ಅದು ಕೊಳಾಯಿ ನೀರು! ನಿಜವಾಗಿ ಶುದ್ಧ ನೀರು ಬಳಸಿದಾಗ ಮಿಡಿತ ಕುಂದುತ್ತ ಬಂದು ನಿಂತೇಹೋಯಿತು. ಚೂರು ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಶುರು. ತಮ್ಮ ತಪ್ಪನ್ನು 1883ರಲ್ಲಿ ತಾವೇ ಬರೆದು ಪ್ರಕಟಿಸಿದರು, ಅದು ದೊಡ್ಡತನ. ಆಸ್ಪತ್ರೆಯ ಡ್ರಿಪ್ ಬಾಟಲಿಯ ಮೇಲೆ 'ರಿಂಗರ್ ಲ್ಯಾಕ್ಟೇಟ್' ಅಂತಿರುತ್ತದಲ್ಲ, ಆ ರಿಂಗರ್ ಇವರೇ.

ಹೃದಯದ ಬಲ ಮೇಲ್ಕೋಣೆಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಅಲೆ ಇಡೀ ಹೃದಯಕ್ಕೆ ಹರಡುತ್ತದೆ. ಇ.ಸಿ.ಜಿ. ಕಾಗದದಲ್ಲಿ ಗೀಟು ಮೂಡಿಸುವುದು ಇದೇ. ಆದರೆ ಬರೀ ಕರೆಂಟಿನಿಂದ ಸ್ನಾಯು ಕುಗ್ಗದು. ಕರೆಂಟು ಬಂದಾಗ ಜೀವಕೋಶದ ಬಾಗಿಲುಗಳು ತೆರೆದು ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಆ ಸ್ವಲ್ಪವೇ ಹಾಲಿಗೆ ಹೆಪ್ಪಿದ್ದ ಹಾಗೆ. ಕೋಶದೊಳಗಿನ ಉಗ್ರಾಣದಲ್ಲಿ ಕೂಡಿಟ್ಟ ಬಹಳಷ್ಟು ಕ್ಯಾಲ್ಸಿಯಂ ಅದರಿಂದ ಹೊರಬೀಳುತ್ತದೆ, ಸ್ನಾಯು ಕುಗ್ಗುತ್ತದೆ. (ಹೆಪ್ಪಿಗೆ ರಾತ್ರಿಯಿಡೀ ಬೇಕು, ಇಲ್ಲಿ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ!) ಕೂಡಲೇ ಅದನ್ನೆಲ್ಲ ಉಗ್ರಾಣಕ್ಕೆ ತುಂಬಬೇಕು, ಹೊರಗಿನಿಂದ ಬಂದಷ್ಟನ್ನು ಹೊರಗೆ ಕಳಿಸಬೇಕು. ಇಲ್ಲದಿದ್ದರೆ ಹೃದಯ ಸಡಿಲವಾಗದು, ರಕ್ತ ತುಂಬಿಕೊಳ್ಳದು. ದಿನಕ್ಕೆ ಸುಮಾರು 1 ಲಕ್ಷ ಸಲ ಈ ಕೆಲಸ! ಕೆಲವು ಹೃದ್ರೋಗಗಳಲ್ಲಿ ಉಗ್ರಾಣವೇ ಸೋರುತ್ತದೆ. ಸೋರಿದ್ದನ್ನು ಹೊರಹಾಕುವಾಗ ಮತ್ತೆ ಕರೆಂಟು ಹುಟ್ಟಿ, ಸರದಿ ತಪ್ಪಿದ ಬಡಿತ ಬರುವುದುಂಟು.

ಅತ್ತೆಯವರ ಮಾತ್ರೆ ತಡೆಯುವುದು ಆ ಬಾಗಿಲುಗಳನ್ನು, ಅದೂ ಮುಖ್ಯವಾಗಿ ರಕ್ತನಾಳದ ಗೋಡೆಗಳಲ್ಲಿ. ನಾಳ ಸಡಿಲವಾಗಿ ಬಿ.ಪಿ. ಇಳಿಯುತ್ತದೆ. ಅದಕ್ಕೂ ತಟ್ಟೆಯ ಮುದ್ದೆಗೂ ಜಗಳವಿಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ನಾವು ತಿನ್ನದಿದ್ದರೆ ದೇಹ ಮೂಳೆಯಿಂದ ಕಿತ್ತು ರಕ್ತಕ್ಕೆ ಕೊಡುತ್ತದೆ. ನಷ್ಟ ಮೂಳೆಗೆ, ಅದೂ ವಯಸ್ಸಾದ ಹೆಂಗಸಿನ ಮೂಳೆಗೆ! ಹಾಗಂತ ಕ್ಯಾಲ್ಸಿಯಂ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ರಕ್ತದಲ್ಲಿ ಅದು ಮಿತಿಮೀರಿದರೆ ಬಡಿತದ ತಾಳ ತಪ್ಪಬಹುದು. ಬಿ.ಪಿ. ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇಷ್ಟನ್ನೂ ಅತ್ತೆಯವರ ಮುಂದೆ ಕೂತು ಹೇಳಿದೆ. ಕಪ್ಪೆಯ ಕಥೆಗೆ ಮುಖ ಸಿಂಡರಿಸಿದರು. ಆಮೇಲೆ, "ಸಾಯಂಕಾಲ ಬಸ್ಸಾರು ಮಾಡ್ತೀಯೇನಮ್ಮಾ, ಮುದ್ದೆ ಜೊತೆಗೆ?" ಅಂದರು.