ಟಿ.ವಿ. ಚಿತ್ರಕ್ಕೆ ಮನೆಯಲ್ಲೇ ಹದ

ಪುಣೆಯ ನಮ್ಮ ಮನೆಗೆ ಬಂದ ಹೊಸ ಟಿ.ವಿ.ಯಲ್ಲಿ ತಂಗಿಯ ಮದುವೆಯ ವೀಡಿಯೋ ಹಾಕಿದೆವು. "ನಿಮ್ಮಪ್ಪ ಇಷ್ಟು ಕೆಂಪಗೆ ಎಲ್ಲಿದ್ದರೋ?" ಎಂದರು ಅಮ್ಮ. ತಂದೆಯವರು ತೀರಿಕೊಂಡು ವರ್ಷವಾಗಿತ್ತು, ನಮಗೆ ಚುರುಕ್ಕೆಂದಿತು.

ಅಂಗಡಿಯ ಬೆಳಕಿನಲ್ಲಿ ಕಣ್ಣು ಸೆಳೆಯುವ 'ವಿವಿಡ್' ಕ್ರಮ ಹಾಗೆಯೇ ಉಳಿದಿತ್ತು. ವಾಚಕರೂ ಹೀಗೆ ಮಾಡಿ ನೋಡಬಹುದು. ರಾತ್ರಿ ದೀಪ ಮಂದವಾಗಿಸಿ 'ಸಿನಿಮಾ' ಕ್ರಮ ಆರಿಸಿರಿ. ಅದರ ಬಿಳುಪು ಸಾಮಾನ್ಯವಾಗಿ 6500 ಕೆಲ್ವಿನ್ ಎಂಬ ಮಾನಕ್ಕೆ ಹತ್ತಿರ. ಕಪ್ಪು ಕೂದಲಿನ ಎಳೆ ಕಾಣುವಷ್ಟು ಬ್ರೈಟ್‌ನೆಸ್, ಬಿಳಿ ಪಂಚೆಯ ನೆರಿಗೆ ಅಳಿಯದಷ್ಟು ಕಾಂಟ್ರಾಸ್ಟ್ ಇರಲಿ. ಅಂಚುಗಳಲ್ಲಿ ಬಿಳಿ ಗೆರೆ ಮೂಡಿದರೆ ಶಾರ್ಪ್‌ನೆಸ್ ಇಳಿಸಿರಿ. ಬಣ್ಣವನ್ನು ಕೊನೆಗೆ, ಮುಖ ನೋಡಿ ತಿದ್ದಿರಿ.

ನಮಗೆ ಅಮ್ಮನ ಕಣ್ಣೇ ಅಳತೆಗೋಲು. "ಸಾಕು, ಈಗ ಅವರೇ" ಎಂದರು. ನಾವು ರಿಮೋಟ್ ಕೆಳಗಿಟ್ಟೆವು.