ಮನೆಯ ತೋಟದಲ್ಲಿ ಸ್ಟ್ರಾಬೆರಿ ಹಂಬುಗಳ ಹತೋಟಿ

ಮನೆಯ ಹಿತ್ತಿಲಿನಲ್ಲಿ ಸ್ಟ್ರಾಬೆರಿಯನ್ನು ಬೆಳೆಸುವವರು ಮೊದಲನೆಯ ವರ್ಷ ಹಣ್ಣನ್ನು ಕಂಡು ಸಂತೋಷಪಡುವರು. ಎರಡನೆಯ ವರ್ಷ ಪಾತಿಯ ತುಂಬ ಹಬ್ಬಿದ ಹಸುರನ್ನು ಕಂಡು ಮತ್ತಷ್ಟು ಸಂತೋಷಪಡುವರು. ಮೂರನೆಯ ವರ್ಷ ಎಲೆಗಳ ನಡುವೆ ಹಣ್ಣನ್ನು ಹುಡುಕಬೇಕಾಗುವುದು. ಆಗ ಗೊಬ್ಬರವು ಸಾಲದೆಂದು ಭಾವಿಸಿ ಮತ್ತಷ್ಟು ಗೊಬ್ಬರವನ್ನು ಹಾಕುವುದುಂಟು. ಇದರಿಂದ ಎಲೆ ಹೆಚ್ಚುವುದೇ ಹೊರತು ಹಣ್ಣು ಹೆಚ್ಚುವುದಿಲ್ಲ. ಇಂಥ ಕಡೆ ದೋಷವಿರುವುದು ಸಾಮಾನ್ಯವಾಗಿ ಮಣ್ಣಿನಲ್ಲಲ್ಲ; ಗಿಡದ ಹಂಬುಗಳನ್ನು ಹತೋಟಿಯಲ್ಲಿಡದೆ ಇರುವುದರಲ್ಲಿ.

ಹಂಬಿನ ಸ್ವಭಾವ.— ಸ್ಟ್ರಾಬೆರಿ ಗಿಡದ ಕಾಂಡವು ಬಹು ಮೊಟಕಾದುದು. ನೆಲದ ಮಟ್ಟದಲ್ಲಿರುವ ಈ ಬೊಡ್ಡೆಯಿಂದಲೇ ಎಲೆ, ಹೂಗೊಂಚಲು ಮತ್ತು ಹಂಬುಗಳು ಹೊರಡುತ್ತವೆ. ಒಂದೆಲಗದ ಬಳ್ಳಿಯಂತೆ ಹಂಬು ನೆಲದ ಮೇಲೆ ಹರಿದುಹೋಗುವುದು. ಅದರ ಮೊದಲನೆಯ ಗಿಣ್ಣು ಸಾಮಾನ್ಯವಾಗಿ ಬರಿದಾಗಿರುವುದು. ಎರಡನೆಯ ಗಿಣ್ಣಿನಲ್ಲಿ ಒಂದು ಮರಿಗಿಡವು ಹುಟ್ಟುವುದು. ತೇವವಿರುವ ಮಣ್ಣು ತಗಲಿದೊಡನೆ ಮರಿಯು ಬೇರು ಬಿಡುವುದು. ಅಲ್ಲಿಂದ ಹಂಬು ಮುಂದುವರಿದು ಇನ್ನೊಂದು ಮರಿ, ಅದರ ಮುಂದೆ ಮತ್ತೊಂದು ಮರಿ ಹುಟ್ಟುತ್ತಾ ಹೋಗುತ್ತವೆ. ಮರಿಯು ಸ್ವಂತ ಬೇರಿನಿಂದ ಬದುಕುವವರೆಗೂ ಅದಕ್ಕೆ ಬೇಕಾದ ನೀರು ಮತ್ತು ಆಹಾರಗಳು ತಾಯಿಗಿಡದಿಂದಲೇ ಬರಬೇಕು. ಹಣ್ಣಿಗೆ ಸಲ್ಲಬೇಕಾದ ಸಾರವು ಹೀಗೆ ಹಂಬಿಗೆ ಸಲ್ಲುವುದು.

ಹಗಲು ದೀರ್ಘವಾಗಿ ಸೆಕೆಯಿರುವಾಗ ಗಿಡವು ಹಂಬನ್ನು ಹೆಚ್ಚಾಗಿ ಬಿಡುವುದು. ಹಗಲು ಮೊಟಕಾಗಿ ಚಳಿ ಬಿದ್ದಾಗ ಸಾಮಾನ್ಯ ಜಾತಿಗಳು ಹೂಮೊಗ್ಗನ್ನು ಕಟ್ಟುವುವು. ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನ ಸುತ್ತಮುತ್ತ ಬೇಸಗೆ ಮತ್ತು ಮುಂಗಾರಿನ ತಿಂಗಳುಗಳು ಹಂಬಿನ ಕಾಲವೆಂದೂ, ಚಳಿಗಾಲದಿಂದ ಬೇಸಗೆಯ ಮೊದಲಿನವರೆಗೆ ಹಣ್ಣಿನ ಕಾಲವೆಂದೂ ಸ್ಥೂಲವಾಗಿ ಎಣಿಸಬಹುದು.

ಬಿಟ್ಟರೆ ಆಗುವ ನಷ್ಟ.— ೧೨ ಅಡಿ ಉದ್ದ, ೩ ಅಡಿ ಅಗಲವಿರುವ ಒಂದು ಪಾತಿಯಲ್ಲಿ ಎರಡು ಸಾಲಾಗಿ, ಅಡಿಗೊಂದರಂತೆ ೨೪ ಗಿಡಗಳನ್ನು ನೆಟ್ಟರೆ ಪ್ರತಿಯೊಂದಕ್ಕೂ ಒಂದೂವರೆ ಚದರಡಿ ನೆಲ ದೊರೆಯುವುದು. ಪ್ರತಿ ಗಿಡದಿಂದ ಐದೇ ಮರಿಗಳು ಬೇರೂರಿದರೂ ಗಿಡಗಳ ಸಂಖ್ಯೆ ೧೪೪ಕ್ಕೆ ಏರುವುದು. ಒಂದು ಚದರಡಿಯಲ್ಲಿ ನಾಲ್ಕು ಗಿಡಗಳು ಕಿತ್ತಾಡಬೇಕಾಗುವುದು. ಸ್ಟ್ರಾಬೆರಿಯ ಬೇರುಗಳು ಬಹುಮಟ್ಟಿಗೆ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿಯೇ ಇರುವುದರಿಂದ ನೀರು ಗೊಬ್ಬರಗಳಿಗಾಗಿ ಪೈಪೋಟಿ ಹೆಚ್ಚು. ಎಲೆಗಳ ನಡುವೆ ಗಾಳಿಯಾಡದೆ ಹಣ್ಣಿಗೆ ಬೂದುಬಣ್ಣದ ಬೂಷ್ಟು ಹಿಡಿಯುವುದು. ಬಸವನಹುಳುಗಳಿಗೆ ಮರೆ ಸಿಕ್ಕುವುದು.

ಇದಕ್ಕಿಂತ ದೊಡ್ಡ ನಷ್ಟವೊಂದುಂಟು. ಹಣ್ಣು ಚೆನ್ನಾಗಿ ಬಿಟ್ಟ ಗಿಡಕ್ಕೆ ಹಂಬು ಬಿಡಲು ಉಳಿಯುವ ಶಕ್ತಿ ಕಡಮೆ. ಹಣ್ಣು ಬಿಡದ ಗಿಡವು ಸೊಂಪಾಗಿ ಹಬ್ಬುವುದು. ಹಲವು ಬಗೆಯ ಗಿಡಗಳು ಬೆರೆತಿರುವ ಪಾತಿಯನ್ನು ತನ್ನಷ್ಟಕ್ಕೆ ಬಿಟ್ಟರೆ ವರ್ಷ ಕಳೆದಂತೆ ಬಂಜೆ ಗಿಡಗಳ ಸಂತತಿಯೇ ನೆಲವನ್ನು ಆಕ್ರಮಿಸುವುದು. ನೆರೆಹೊರೆಯವರಿಗೆ ಪ್ರೀತಿಯಿಂದ ಕೊಡುವ ಸಸಿಗಳೂ ಇಂಥವುಗಳೇ ಆಗಿಬಿಡುವುವು.

ತಾಯಿಯಂತೆ ಮರಿ.— ಹಂಬಿನ ಮರಿಯು ಬೀಜದ ಸಸಿಯಂತಲ್ಲ. ಅದು ತಾಯಿಯ ದೇಹದ ಒಂದು ತುಂಡೇ ಆಗಿದ್ದು ತಾಯಿಯ ಗುಣದೋಷಗಳನ್ನೆಲ್ಲ ಹೊಂದಿರುವುದು. ಈ ಹಣ್ಣಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ೧೭೧೪ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಇಂಜಿನಿಯರು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಫ್ರಾನ್ಸಿಗೆ ತಂದನು. ಅವು ಹೆಣ್ಣು ಹೂ ಬಿಡುವ ಗಿಡಗಳಾಗಿದ್ದುವು. ಹಂಬಿನಿಂದ ಎಷ್ಟು ವೃದ್ಧಿಯಾದರೂ ಮರಿಗಳೆಲ್ಲವೂ ಹೆಣ್ಣೇ ಆಗಿ, ಪರಾಗವಿಲ್ಲದೆ ಹಣ್ಣು ಕಚ್ಚಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯ ಸ್ಟ್ರಾಬೆರಿಯ ಪರಾಗವು ದೊರೆತ ಕಡೆ ಅವು ಫಲಿಸಿದುವು. ಈ ಎರಡು ಜಾತಿಗಳ ಬೆರಕೆಯಿಂದ ಹುಟ್ಟಿದುದೇ ಇಂದಿನ ತೋಟದ ಸ್ಟ್ರಾಬೆರಿ. ಈ ಸಂಗತಿಯನ್ನು ದುಶೆನ್ ಎಂಬ ಸಸ್ಯಶಾಸ್ತ್ರಜ್ಞನು ೧೭೬೬ರಲ್ಲಿ ವಿವರಿಸಿದನು. ಗಿಡಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಹಣ್ಣು ಹೆಚ್ಚುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಗುಣದಂತೆ ರೋಗವೂ ಹಂಬಿನ ಮೂಲಕ ದಾಟುವುದು. ಸಸ್ಯಹೇನುಗಳು ಹರಡುವ ನಂಜುರೋಗವು ತಾಯಿಗೆ ತಗಲಿದ್ದರೆ ಮರಿಯಲ್ಲಿಯೂ ಇರುವುದು. ಎಲೆ ಮುರುಟಿದ, ಹಳದಿ ಮಚ್ಚೆಯಿರುವ, ಕಾರಣವಿಲ್ಲದೆ ಕುಗ್ಗಿದ ಗಿಡದಿಂದ ಒಂದು ಮರಿಯನ್ನೂ ತೆಗೆದುಕೊಳ್ಳಕೂಡದು. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು.

ಹಣ್ಣಿನ ಕಾಲದ ಕೆಲಸ.— ಸಸಿ ನೆಟ್ಟಂದಿನಿಂದ ಹಣ್ಣು ಮುಗಿಯುವವರೆಗೆ ಕಾಣಿಸಿದ ಹಂಬನ್ನೆಲ್ಲ ವಾರಕ್ಕೊಮ್ಮೆ ಕತ್ತರಿಸಬೇಕು. ಕೈಯಿಂದ ಜಗ್ಗಿದರೆ ಬೊಡ್ಡೆ ಅಲುಗಿ ಬೇರು ಸಡಿಲವಾಗುವುದು. ಆದಕಾರಣ ಹರಿತವಾದ ಕತ್ತರಿಯಿಂದ ಬುಡದ ಹತ್ತಿರ ಕತ್ತರಿಸುವುದು ಮೇಲು. ಹಂಬು ಎಳೆಯದಾಗಿರುವಾಗಲೇ ತೆಗೆದರೆ ಗಿಡದ ಸಾರವು ವ್ಯರ್ಥವಾಗದು. ಗಿಡಗಳ ಸುತ್ತ ಒಣಗಿದ ಭತ್ತದ ಹುಲ್ಲನ್ನು ಹಾಸಿದರೆ ಹಣ್ಣಿಗೆ ಮಣ್ಣು ಹತ್ತದು; ಕಣ್ಣು ತಪ್ಪಿದ ಹಂಬೂ ಬೇಗನೆ ಬೇರೂರದು. ಇದೇ ಕಾಲದಲ್ಲಿ ಹೆಚ್ಚು ಹಣ್ಣು ಬಿಟ್ಟ, ರೋಗವಿಲ್ಲದ ಐದಾರು ಗಿಡಗಳನ್ನು ಗೊತ್ತುಮಾಡಿ ಪಕ್ಕದಲ್ಲಿ ಒಂದೊಂದು ಕಡ್ಡಿಯನ್ನು ನೆಡಬೇಕು. ಹಣ್ಣು ಮುಗಿದ ಮೇಲೆ ಎಲ್ಲ ಗಿಡಗಳೂ ಒಂದೇ ಸಮನಾಗಿ ಕಾಣುವುದರಿಂದ ಈ ಗುರುತು ಅತ್ಯವಶ್ಯಕ.

ಮರಿಗಳನ್ನು ಪಡೆಯುವ ಕ್ರಮ.— ಮುಂದಿನ ವರ್ಷಕ್ಕೆ ಬೇಕಾದುವು ೨೪ ಗಿಡಗಳು ಮಾತ್ರ. ಆರು ತಾಯಿಗಿಡಗಳಿಂದ ಐದೈದರಂತೆ ೩೦ ಮರಿಗಳನ್ನು ಪಡೆದರೆ, ಸತ್ತುಹೋಗುವುವನ್ನು ಕಳೆದರೂ ಸಾಕಾಗುವುದು. ಬೇಸಗೆಯಲ್ಲಿ ಈ ತಾಯಿಗಿಡಗಳಿಗೆ ಮಧ್ಯಾಹ್ನದ ಬಿಸಿಲು ತಟ್ಟದಂತೆ ನೆರಳು ಕಟ್ಟಿ ನೀರು ಕೊಡಬೇಕು. ಮುಂಗಾರು ಹಿಡಿದು ಹಂಬುಗಳು ಹೊರಟಾಗ, ಮಣ್ಣು, ಮರಳು ಮತ್ತು ಕಳಿತ ಗೊಬ್ಬರವನ್ನು ತುಂಬಿದ ಚಿಕ್ಕ ಕುಂಡಗಳನ್ನು ತಾಯಿಯ ಸುತ್ತ ಹೂಳಿ, ಪ್ರತಿಯೊಂದರ ಮೇಲೂ ಒಂದು ಮರಿಯನ್ನಿರಿಸಿ, ಬಗ್ಗಿಸಿದ ತಂತಿಯಿಂದಾಗಲಿ ಸಣ್ಣ ಕಲ್ಲಿನಿಂದಾಗಲಿ ಹಂಬನ್ನು ಅದುಮಿಡಬೇಕು. ಮರಿಯ ಸುಳಿಯನ್ನು ಮಾತ್ರ ಮುಚ್ಚಕೂಡದು. ತಾಯಿಗೆ ಹತ್ತಿರವಾದ ಮೊದಲನೆಯ ಮರಿಯೇ ಸಾಮಾನ್ಯವಾಗಿ ಬಲವಾದುದು. ಅದರ ಮುಂದಿನ ಹಂಬನ್ನು ಕತ್ತರಿಸಿಬಿಡಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಮರಿಯು ಬೇರೂರಿದ ಮೇಲೆ ತಾಯಿಯ ಸಂಬಂಧವನ್ನು ಕಡಿದು, ಒಂದೆರಡು ವಾರ ಅಲ್ಲಿಯೇ ಬಿಟ್ಟು, ಅನಂತರ ಎತ್ತತಕ್ಕದ್ದು.

ಹೆಚ್ಚಾಗಿ ಸ್ಟ್ರಾಬೆರಿ ಬೆಳೆಯುವ ಮಹಾಬಳೇಶ್ವರದ ಕಡೆಯಲ್ಲಿಯೂ ಹಣ್ಣಿನ ಬೆಳೆಯೂ ಸಸಿಯ ಬೆಳೆಯೂ ಬೇರೆ ಬೇರೆ. ಅಲ್ಲಿಯ ಮಳೆಗಾಲದ ಜಡಿಮಳೆಗೆ ಸಸಿಗಳು ಉಳಿಯುವುದು ಕಷ್ಟವಾದ್ದರಿಂದ ಮಳೆ ಕಡಮೆಯಾದ ವಾಯಿ ಪ್ರಾಂತದ ಮಡಿಗಳಲ್ಲಿ ತಾಯಿಗಿಡಗಳಿಂದ ಸಸಿಗಳನ್ನು ಎಬ್ಬಿಸಿ, ಮಳೆ ತಗ್ಗಿದ ಮೇಲೆ ಮೇಲಿನ ತೋಟಗಳಿಗೆ ಒಯ್ದು ನೆಡುವರು. ಒಂದೇ ಗಿಡದಿಂದ ಒಂದೇ ಕಾಲದಲ್ಲಿ ಹಣ್ಣನ್ನೂ ಸಸಿಯನ್ನೂ ನಿರೀಕ್ಷಿಸಬಾರದೆಂಬ ಈ ನಿಯಮವು ಮನೆಯ ತೋಟಕ್ಕೂ ಅನ್ವಯಿಸುವುದು.

ಹೊಸ ಪಾತಿ.— ವರ್ಷ ಕಳೆದಂತೆ ಹಳೆಯ ಗಿಡದ ಬೊಡ್ಡೆಯು ನೆಲದಿಂದ ಮೇಲಕ್ಕೇಳುತ್ತಾ ಹೊಸ ಬೇರುಗಳು ಮಣ್ಣನ್ನು ಸೇರಲಾರದೆ ಗಿಡವು ಸೊರಗುವುದು. ಆದ್ದರಿಂದ ಒಂದು ಪಾತಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇಡುವುದು ಲಾಭಕರವಲ್ಲ. ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ಹೊಸ ಮರಿಗಳನ್ನು ಬೇರೆ ಸ್ಥಳದಲ್ಲಿ, ನೀರು ನಿಲ್ಲದ ಏರುಪಾತಿಯಲ್ಲಿ ನೆಡಬೇಕು. ಸುಳಿಯು ಹೂತುಹೋದರೆ ಕೊಳೆಯುವುದು. ಬೇರು ಹೊರಗೆ ಕಂಡರೆ ಒಣಗುವುದು. ಬೊಡ್ಡೆಯು ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನು ಈಚೆಗೆ ಬೆಳೆದ ನೆಲವು ತಕ್ಕುದಲ್ಲ. ಅವುಗಳಿಗೆ ತಗಲುವ ಒಂದು ಬಗೆಯ ಸೊರಗುರೋಗವು ಮಣ್ಣಿನಲ್ಲಿ ಉಳಿದು ಸ್ಟ್ರಾಬೆರಿಗೂ ತಗಲುವುದು.

ಮೇರೆ ಮೀರದಂತೆ ತಡೆ.— ಪಾತಿಯ ಸುತ್ತ ಇಟ್ಟಿಗೆಯನ್ನು ಹೂಳಿದರೆ ಹಂಬು ನಿಲ್ಲದು. ಅದು ನೆಲದ ಮೇಲೆ ಹರಿಯುವುದಾದ್ದರಿಂದ ಇಟ್ಟಿಗೆಯನ್ನು ದಾಟಿಹೋಗುವುದು. ಸುತ್ತಲೂ ಒಂದಡಿ ಅಗಲದ ಬರಿಯ ಕಾಲುದಾರಿಯನ್ನು ಬಿಟ್ಟು, ವಾರಕ್ಕೊಮ್ಮೆ ಕಳೆಗುದ್ದಲಿಯಾಡಿಸಿದರೆ ದಾಟಿದ ಹಂಬು ಒಡನೆ ಕಾಣುವುದು. ಕಿತ್ತ ಮರಿಗಳನ್ನು ಒದ್ದೆ ನೆಲದ ಮೇಲೆ ಎಸೆದರೆ ಅಲ್ಲಿಯೇ ಚಿಗುರುವುವು; ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಬೇಕು.

ನೆರೆಯವರು ಸಸಿಯನ್ನು ಕೇಳಿದಾಗ ಕಾಲುದಾರಿಯಿಂದ ಕಿತ್ತ ಮರಿಯನ್ನು ಕೊಡದೆ, ಕಡ್ಡಿ ನೆಟ್ಟು ಗುರುತಿಸಿದ ಗಿಡದ ಮರಿಯನ್ನೇ ಕೊಡುವುದು ಯುಕ್ತವು. ಅಂಥ ಒಂದು ಸಸಿಯಿಂದ ಅವರ ಹಿತ್ತಿಲಿನಲ್ಲಿಯೂ ಒಳ್ಳೆಯ ಪಾತಿಯೊಂದು ಎರಡು ಮೂರು ವರ್ಷಗಳಲ್ಲಿ ಸಿದ್ಧವಾಗುವುದು.