ಅಪವರ್ತನದ ಸಮಸ್ಯೆಯೂ ಕ್ವಾಂಟಂ ಗಣಕವೂ

ಹದಿನೈದು ಎಂಬುದು ಮೂರು ಮತ್ತು ಐದರ ಗುಣಲಬ್ಧವೆಂದು ಹೇಳಲು ಮಗ್ಗಿ ಕಲಿತ ಬಾಲಕನೂ ಸಮರ್ಥನು. ಆದರೂ ೨೦೦೧ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಆಲ್ಮಡೆನ್ ಪ್ರಯೋಗಾಲಯದಲ್ಲಿ ಏಳು ಪರಮಾಣು ಬೀಜಗಳಿಂದ ಕೆಲಸ ಮಾಡಿಸಿ ಇದೇ ಲೆಕ್ಕವನ್ನು ಬಿಡಿಸಿದಾಗ ವಿದ್ವಜ್ಜನರು ಅದನ್ನು ಅಲಕ್ಷಿಸಲಿಲ್ಲ. ಉತ್ತರಕ್ಕಿಂತ ಉತ್ತರವನ್ನು ತಲುಪಿದ ಮಾರ್ಗವೇ ಅಲ್ಲಿ ಮುಖ್ಯವಾಗಿದ್ದಿತು.

ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಮೂಲದ ಸಂಖ್ಯೆಗಳನ್ನು ಹುಡುಕೆಂದರೆ ಕಾರ್ಯವು ದುಸ್ಸಾಧ್ಯವಾಗುತ್ತದೆ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಅಸಮತೆಯನ್ನೇ ಒಂದು ಬೀಗವನ್ನಾಗಿ ಮಾಡಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಆರ್.ಎಸ್.ಎ. ಎನಿಸಿಕೊಂಡ ಈ ಪದ್ಧತಿಯನ್ನು ಬ್ಯಾಂಕುಗಳೂ ಸರಕಾರಗಳೂ ತಮ್ಮ ರಹಸ್ಯಗಳ ರಕ್ಷಣೆಗೆ ಆಶ್ರಯಿಸಿಕೊಂಡು ಬಂದಿವೆ. ವಾಡಿಕೆಯಲ್ಲಿರುವ ಬೀಗದ ಸಂಖ್ಯೆ ೬೧೭ ಅಂಕಿಗಳಷ್ಟು ಉದ್ದ. ೨೫೦ ಅಂಕಿಗಳ ಒಂದು ಸಂಖ್ಯೆಯನ್ನು ೨೦೨೦ರಲ್ಲಿ ಸಾಧಾರಣ ಗಣಕಗಳಿಂದ ಒಡೆದುದುಂಟು. ಆ ಶ್ರಮವನ್ನೆಲ್ಲ ಒಂದೇ ಪ್ರೊಸೆಸರಿನ ಮೇಲೆ ಹೊರಿಸಿದ್ದರೆ ಸುಮಾರು ೨,೭೦೦ ವರ್ಷ ಹಿಡಿಯುತ್ತಿದ್ದಿತು.

೧೯೯೪ರಲ್ಲಿ ಬೆಲ್ ಪ್ರಯೋಗಾಲಯದ ಪೀಟರ್ ಶೋರ್ ಬೇರೊಂದು ದಾರಿ ತೋರಿದರು. ಎರಡರ ಘಾತಗಳನ್ನು ಅನುಕ್ರಮವಾಗಿ ಹದಿನೈದರಿಂದ ಭಾಗಿಸುತ್ತ ಹೋದರೆ ಶೇಷಗಳು ೨, ೪, ೮, ೧, ಮತ್ತೆ ೨, ೪, ೮, ೧ ಎಂದು ಮರುಕಳಿಸುತ್ತವೆ. ಆವರ್ತ ನಾಲ್ಕು. ಅದರ ಅರ್ಧ ಎರಡು. ಎರಡರ ಎರಡನೆಯ ಘಾತ ನಾಲ್ಕು. ಇದರಲ್ಲಿ ಒಂದನ್ನು ಕಳೆದರೆ ಮೂರು, ಕೂಡಿಸಿದರೆ ಐದು. ದೊಡ್ಡ ಸಂಖ್ಯೆಗಳಲ್ಲಿ ಈ ಆವರ್ತವನ್ನು ಕಾಣುವುದೇ ಕಷ್ಟ. ಕಂಡ ಮೇಲೆ ಉಳಿಯುವುದು ಮಹತ್ತಮ ಸಾಮಾನ್ಯ ಅಪವರ್ತನವನ್ನು ತೆಗೆಯುವ ಶಾಲೆಯ ಗಣಿತ.

ಕ್ವಾಂಟಂ ಗಣಕವು ಎಲ್ಲ ಉತ್ತರಗಳನ್ನೂ ಏಕಕಾಲದಲ್ಲಿ ಪರೀಕ್ಷಿಸಿ ಸರಿಯಾದುದನ್ನು ಆರಿಸಿಕೊಡುತ್ತದೆಂದು ಪತ್ರಿಕೆಗಳಲ್ಲಿ ಆಗಾಗ ಕಾಣುವ ವಿವರಣೆ ಸರಿಯಲ್ಲ. ಅದರ ಘಟಕವಾದ ಕ್ಯೂಬಿಟ್ ಸೊನ್ನೆ ಮತ್ತು ಒಂದರ ಮಿಶ್ರಸ್ಥಿತಿಯಲ್ಲಿರಬಲ್ಲದೆಂಬುದು ನಿಜ. ಆದರೆ ಅಳೆದೊಡನೆ ಕೈಗೆ ಬರುವುದು ಒಂದೇ ಫಲ, ಅದೂ ಯಾದೃಚ್ಛಿಕವಾದುದು. ಕೆರೆಯ ಅಲೆಗಳು ಒಂದನ್ನೊಂದು ಸಂಧಿಸಿ ಕೆಲವೆಡೆ ಅಡಗಿ ಕೆಲವೆಡೆ ಏರುವಂತೆ, ಆವರ್ತಕ್ಕೆ ಹೊಂದದ ಫಲಗಳು ಅಳತೆಗೆ ಮುನ್ನವೇ ಪರಸ್ಪರ ಅಳಿದು ಹೊಂದುವವು ಬಲಗೊಳ್ಳುವಂತೆ ಮಾಡಿದುದೇ ಶೋರರ ಚಾತುರ್ಯ. ಇಂಥ ಒಳರಚನೆಯಿಲ್ಲದ ಲೆಕ್ಕಗಳಲ್ಲಿ ಈ ಯಂತ್ರದಿಂದ ಹೆಚ್ಚಿನ ಲಾಭವಿಲ್ಲ. ಖಾತೆಪುಸ್ತಕದ ಮೊತ್ತವನ್ನು ಕೂಡಲು ಇದನ್ನು ತರಿಸುವವನು ದುಂದುಗಾರನೇ ಸರಿ. ಅಣುಗಳ ವರ್ತನೆಯನ್ನು ಅನುಕರಿಸಿ ಅರಿಯುವ ಕಾರ್ಯಕ್ಕಾದರೋ, ೧೯೮೧ರಲ್ಲಿ ರಿಚರ್ಡ್ ಫೈನ್‌ಮನ್ ಸೂಚಿಸಿದಂತೆ, ಇದು ಸಹಜವಾಗಿಯೇ ಒಪ್ಪುವ ಸಾಧನ.

ತೊಡಕೆಲ್ಲ ಯಂತ್ರದ ನಿರ್ಮಾಣದಲ್ಲಿದೆ. ಅಲ್ಪ ಉಷ್ಣ, ಅಲ್ಪ ಕಂಪನ ಸೋಕಿದರೂ ಮಿಶ್ರಸ್ಥಿತಿ ಕೆಡುತ್ತದೆ. ಉತ್ತಮ ಯಂತ್ರಗಳಲ್ಲಿಯೂ ಸಾವಿರ ಅಥವಾ ಕೆಲವು ಸಾವಿರ ಕ್ರಿಯೆಗಳಿಗೊಮ್ಮೆ ತಪ್ಪು ನುಸುಳುತ್ತದೆ, ಆರ್.ಎಸ್.ಎ. ಬೀಗವನ್ನು ತೆರೆಯಲು ಬೇಕಾದವು ನೂರಾರು ಕೋಟಿ ಕ್ರಿಯೆಗಳು. ಆದುದರಿಂದ ನಂಬಲರ್ಹವಾದ ಒಂದು ಕ್ಯೂಬಿಟ್ಟಿನ ಕೆಲಸವನ್ನು ನೂರಾರು ದುರ್ಬಲ ಕ್ಯೂಬಿಟ್ಟುಗಳಿಗೆ ಹಂಚಿ, ತಾಳೆ ನೋಡಿ ತಿದ್ದುತ್ತಿರಬೇಕಾಗುತ್ತದೆ. ತಿದ್ದುವ ಕಾರ್ಯವೇ ಹೊಸ ತಪ್ಪುಗಳನ್ನು ತರುವುದೆಂಬ ಶಂಕೆ ಬಹುಕಾಲವಿದ್ದಿತು. ೨೦೨೪ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ೧೦೫ ಕ್ಯೂಬಿಟ್ಟುಗಳ ‘ವಿಲೋ’ ಸಾಧನದಲ್ಲಿ, ಗುಂಪು ಹಿರಿದಾದಂತೆ ಹೆಜ್ಜೆಹೆಜ್ಜೆಗೂ ತಪ್ಪು ಸುಮಾರು ಅರ್ಧಕ್ಕಿಳಿಯುವುದನ್ನು ತೋರಿಸಿತು. ಕಾಪಾಡಿದುದು ಮಾತ್ರ ಒಂದೇ ಒಂದು ಕ್ಯೂಬಿಟ್ಟನ್ನು.

೬೧೭ ಅಂಕಿಗಳ ಸಂಖ್ಯೆಯನ್ನು ಎಂಟು ಗಂಟೆಗಳಲ್ಲಿ ಒಡೆಯಲು ಎರಡು ಕೋಟಿ ಕ್ಯೂಬಿಟ್ಟುಗಳು ಬೇಕೆಂದು ೨೦೧೯ರಲ್ಲಿ ಗಿಡ್ನಿ ಮತ್ತು ಎಕೆರೋ ಅಂದಾಜು ಮಾಡಿದ್ದರು. ೨೦೨೫ರಲ್ಲಿ ಗಿಡ್ನಿಯವರೇ, ಒಂದು ವಾರದೊಳಗಿನ ಅವಧಿಯನ್ನು ಒಪ್ಪಿಕೊಂಡರೆ ಹತ್ತು ಲಕ್ಷಕ್ಕಿಂತ ಕಡಿಮೆ ಸಾಕೆಂದು ಲೆಕ್ಕ ಹಾಕಿದರು. ಐ.ಬಿ.ಎಂ. ೨೦೨೩ರಲ್ಲಿ ಪ್ರಕಟಿಸಿದ ‘ಕಾಂಡೊರ್’ನಲ್ಲಿದ್ದವು ೧,೧೨೧. ಅದೇ ವರ್ಷ ಭಾರತ ಸರಕಾರ ಅಂಗೀಕರಿಸಿದ, ೬,೦೦೩.೬೫ ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಯ ಗುರಿ ಎಂಟು ವರ್ಷಗಳಲ್ಲಿ ೫೦ರಿಂದ ೧,೦೦೦ ಕ್ಯೂಬಿಟ್ಟುಗಳ ಯಂತ್ರ. ಅಂತರ ಇನ್ನೂ ದೊಡ್ಡದು. ಆದರೆ ಆರು ವರ್ಷಗಳಲ್ಲಿ ಅದನ್ನು ಇಷ್ಟೊಂದು ಕಿರಿದುಗೊಳಿಸಿದುದು ಕೇವಲ ಕಾಗದದ ಮೇಲಿನ ಗಣಿತವೆಂಬುದನ್ನು ಮರೆಯಲಾಗದು.

ಯಂತ್ರ ಸಿದ್ಧವಾಗಿಲ್ಲವೆಂದು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಇಂದು ಹರಿದುಹೋಗುವ ಗೂಢಲಿಪಿಯ ಪತ್ರಗಳನ್ನು ನಕಲು ಮಾಡಿಟ್ಟುಕೊಂಡವನು ಅದು ಸಿದ್ಧವಾದ ದಿನ ಅವನ್ನು ಬಿಚ್ಚಿ ಓದಬಲ್ಲನು. ವಾರದಲ್ಲಿ ಹಳತಾಗುವ ಸುದ್ದಿಗೆ ಇದರಿಂದ ಬಾಧೆಯಿಲ್ಲ. ರೋಗಿಯ ವೃತ್ತಾಂತ, ರಾಯಭಾರದ ಪತ್ರವ್ಯವಹಾರ ಮುಂತಾದವುಗಳ ರಹಸ್ಯವು ದಶಕಗಳ ಕಾಲ ನಿಲ್ಲಬೇಕಾದುದು. ೨೦೨೪ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಅಪವರ್ತನವನ್ನು ಅವಲಂಬಿಸದ ಮೂರು ಹೊಸ ಪದ್ಧತಿಗಳನ್ನು ಪ್ರಕಟಿಸಿತು. ಅವು ಸಾಧಾರಣ ಗಣಕಗಳಲ್ಲಿಯೇ ನಡೆಯುತ್ತವೆ. ಅವನ್ನು ಅಳವಡಿಸುವ ಮೊದಲೇ ನಕಲಾಗಿ ಹೋದ ಪತ್ರಗಳಿಗೆ ಮಾತ್ರ ಅವುಗಳ ರಕ್ಷಣೆ ದೊರೆಯಲಾರದು.